ಹೆಂಚು ಆರುವ ಮೊದಲು

ಒಳಪೇಟೆಗೆ ನಾನು ಮೊದಲ ಸಲ ಬಂದದ್ದು ನೋಟದ ಬಸ್ಸಿನಲ್ಲಿ. ಊರಿನ ಬೇರೆ ಭಾಗಗಳಿಂದ ಬಂದವರನ್ನು ಕೂರಿಸಿಕೊಂಡು ಪೇಟೆಯ ಬೀದಿಯನ್ನೂ ಕಾಫಿ ಹೋಟೆಲುಗಳನ್ನೂ ತೋರಿಸುತ್ತಾ ಸುತ್ತುವ ಬಸ್ಸು ಅದು. ಅವತ್ತು ಬಸ್ಸಿನಲ್ಲಿದ್ದವರೆಲ್ಲ ಎಲ್ಲವನ್ನೂ ನೋಡಿದರು, ಸಾಕಪ್ಪಾ ಅನ್ನಿಸುವಷ್ಟು ನೋಡಿದರು. ನಾನೊಬ್ಬಳು ಏನೂ ನೋಡಲಿಲ್ಲ. ಹಾಗಾಗಿ ಈ ಕಥೆಯ ಮುಕ್ಕಾಲು ಪಾಲು ನನ್ನ ಮಗಳು ನೀಲವೇಣಿ ಹೇಳಿದ್ದು. ಒಳಪೇಟೆಯವರು ಇಂಥದ್ದನ್ನು ಬಾಯಿ ಬಿಟ್ಟು ಹೇಳುವವರಲ್ಲ. ನನ್ನ ಮಗಳು ಆಗಿನ್ನೂ ಒಳಪೇಟೆಯವಳಾಗಿರಲಿಲ್ಲ, ಅದಕ್ಕೇ ಹೇಳಿದಳು.

ಆಗ ನಾವು ಊರಿನ ಆಚೆ ತುದಿಯಲ್ಲಿದ್ದೆವು. ನನ್ನ ಗಂಡ ಮದುವೆ ಅಡುಗೆಯವರ ತಂಡದಲ್ಲಿದ್ದರು. ಲಗ್ನದ ಕಾಲ ಬಂತೆಂದರೆ ಊರೂರು ತಿರುಗಾಟ, ಮನೆಗೆ ಬಂದರೂ ನೆಂಟರ ಹಾಗೆ ಬಂದು ಹೋಗುತ್ತಿದ್ದರು. ನಾನು ನಸುಕಿಗೇ ಎದ್ದು ಒಂದು ಹಾಸ್ಟೆಲಿನ ಅಡುಗೆಮನೆಗೆ ಹೋಗಿ, ಅಲ್ಲಿಂದ ಹಾಗೇ ಅಂಗಿ ಹೊಲಿಯುವ ಕಾರ್ಖಾನೆಗೆ ಓಡಿ, ಅಲ್ಲಿ ಗುಂಡಿ ಕಾಜ ಮುಗಿಸಿ ಮನೆ ಸೇರುವಷ್ಟರಲ್ಲಿ ನೀಲು ಪಕ್ಕದ ಮನೆಯಲ್ಲಿ ಉಂಡು ಕಣ್ಣು ತೂಗುತ್ತಿದ್ದಳು. ಮಗಳ ಎಚ್ಚರದ ಮುಖವನ್ನು ನಾನು ಸರಿಯಾಗಿ ನೋಡುತ್ತಿದ್ದದ್ದು ಭಾನುವಾರ ಒಂದೇ ದಿನ. ಆ ಭಾನುವಾರವೂ ಬಟ್ಟೆಯ ರಾಶಿಗೆ, ಅಕ್ಕಿ ಆರಿಸುವುದಕ್ಕೆ ಹೋಗುತ್ತಿತ್ತು.

ಅಂಥ ಹೊತ್ತಿನಲ್ಲಿ ಒಳಪೇಟೆಯ ತುಂಗಮ್ಮನ ಹೋಟೆಲಿಗೆ ಹೆಂಚಿನ ಮುಂದೆ ನಿಲ್ಲುವವರು ಬೇಕಂತೆ ಎಂಬ ಸುದ್ದಿ ಬಂತು. ಹೋಟೆಲಿನ ಮೇಲೆ ಒಂದು ರೂಮು, ಅದೂ ಕೆಲಸದವರಿಗೇ. ಕೆಳಗೆ ಕೆಲಸ, ಮೇಲೆ ಮಗಳು. ನಡುವೆ ಒಂದು ಏಣಿಮೆಟ್ಟಿಲು. ನಾನು ಆಸೆಪಟ್ಟದ್ದು ಅಷ್ಟಕ್ಕೇ. ಹೇಳಿ ಕಳಿಸಿದೆ. ತುಂಗಮ್ಮನೂ ಹೇಳಿ ಕಳಿಸಿದರು: ಭಾನುವಾರ ಬರಲಿ, ಮಧ್ಯಾಹ್ನದ ತಿಂಡಿ ಮುಗಿದು ಹೆಂಚು ಆರುವ ಮೊದಲು ಬರಲಿ, ಹೆಂಚು ಆರಿದ ಮೇಲೆ ನಾನು ಯಾರ ಹತ್ತಿರವೂ ವ್ಯವಹಾರ ಮಾತಾಡುವುದಿಲ್ಲ. ಇನ್ನೊಬ್ಬಳಿಗೂ ಹೇಳಿದ್ದೇನೆ, ಯಾರು ಮೊದಲು ಬಸ್ಸಿಳಿದು ಬರುತ್ತಾರೋ ಅವರಿಗೆ ಕೆಲಸ.

ಒಳಪೇಟೆಯಲ್ಲಿ ಅಡುಗೆ ಕೆಲಸ ಕೇಳಿಕೊಂಡು ಹೋಗುವವರು ಬರಿಗೈಲಿ ಹೋಗುವ ಹಾಗಿಲ್ಲ, ದೋಸೆ ಮಗುಚುವ ಕಬ್ಬಿಣದ ಕೈಯನ್ನು ಮನೆಯಿಂದಲೇ ಒಯ್ಯಬೇಕು. ಕೈಯ ತುದಿ ಎಷ್ಟು ಸವೆದಿದೆ ಎಂದು ನೋಡಿಯೇ ಅವರು ಆಳನ್ನು ಅಳೆಯುತ್ತಾರೆ. ನಾನು ನನ್ನ ಅತ್ತೆಯ ಕಾಲದ್ದನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡೆ. ನೀಲುಗೆ ಎಣ್ಣೆ ಹಚ್ಚಿ ಜಡೆ ಹಾಕಿದೆ. ಒಳಪೇಟೆಗೆ ನೋಟದ ಬಸ್ಸೊಂದೇ ದಾರಿ. ಹತ್ತಿದೆವು.

ಒಳಪೇಟೆಯ ರಸ್ತೆ ಒಂದೇ. ಬಳೆಯ ಹಾಗೆ ದುಂಡಗೆ ಸುತ್ತಿ ಬಂದು ತನ್ನನ್ನೇ ಸೇರುತ್ತದೆ. ಬಸ್ಸು ಅದರ ಮೇಲೆ ನಡೆಯುವವರಿಗಿಂತ ನಿಧಾನವಾಗಿ ಹೋಗುತ್ತದೆ. ಎರಡೂ ಕಡೆ ಹೋಟೆಲುಗಳು ಎಷ್ಟು ಹತ್ತಿರವೆಂದರೆ ಕಿಟಕಿಯಿಂದ ಕೈ ಚಾಚಿದರೆ ಲೋಟ ಕೈಗೆ ಬರುತ್ತದೆ. ಬೆಲ್ಲದ ಕಾಫಿಯವರು, ಬನ್ನಿಗೆ ಬೆಣ್ಣೆ ಸವರಿ ಕೊಡುವವರು, ಶುಂಠಿ ಕಷಾಯದವರು, ನಿಪ್ಪಟ್ಟಿನವರು. ಒಂದು ಹೋಟೆಲಿನಲ್ಲಿ ತೆಗೆದುಕೊಂಡ ಲೋಟವನ್ನು ಕುಡಿದು ಮುಗಿಸುವ ಹೊತ್ತಿಗೆ ಯಾವ ಹೋಟೆಲು ಸಿಗುತ್ತದೋ ಅಲ್ಲಿ ಕೊಟ್ಟರಾಯಿತು. ಹಾಗಾಗಿ ಯಾರ ಲೋಟ ಯಾರದ್ದೆಂದು ಪೇಟೆಯಲ್ಲಿ ಯಾರೂ ಕೇಳುವುದಿಲ್ಲ. ತುಂಗಮ್ಮನದು ದೋಸೆಯ ಹೋಟೆಲು. ಬಸ್ಸಿನ ಮುಂದಿನ ಸೀಟಿನವರು ಕಿಟಕಿಯಿಂದ ದೋಸೆ ಹೇಳುತ್ತಾರೆ. ಬಸ್ಸಿನ ಮೂತಿ ಹೋಟೆಲನ್ನು ಮುಟ್ಟಿ ಬಾಲ ದಾಟುವಷ್ಟರಲ್ಲಿ ದೋಸೆ ಬೆಂದಿರುತ್ತದೆ. ಹಿಂದಿನ ಸೀಟಿನವರು ಈಸಿಕೊಂಡು ಕೈಯಿಂದ ಕೈಗೆ ಮುಂದಕ್ಕೆ ಸಾಗಿಸುತ್ತಾರೆ. ದಾರಿಯಲ್ಲಿ ಒಂದೊಂದು ಚೂರು ಕಡಿಮೆಯಾದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಇದೆಲ್ಲ ನಾನು ಆಮೇಲೆ ತಿಳಿದುಕೊಂಡದ್ದು. ಅವತ್ತು ಕಿಟಕಿ ಪಕ್ಕ ಕುಳಿತೆ. ಬಿಸಿಲು ಕೆನ್ನೆಗೆ ಹಿತವಾಗಿ ಬಿತ್ತು. ಬಸ್ಸು ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಬೆಲ್ಲದ ಕಾಫಿಯ ವಾಸನೆ ಬಂದದ್ದು ನೆನಪಿದೆ. ಕುಡಿಯಬೇಕು ಎಂದುಕೊಂಡೆ. ಅಷ್ಟೇ.

ಬಸ್ಸಿನ ಇನ್ನೊಂದು ಸಂಗತಿ ನನಗೆ ಯಾರೂ ಹೇಳಿರಲಿಲ್ಲ. ಒಳಗೆ ಯಾರಾದರೂ ನಿದ್ದೆ ಹೋದರೆ ಅದರ ಬ್ರೇಕು ಹಿಡಿಯುವುದಿಲ್ಲ. ಎದ್ದೇಳುವ ತನಕ ಸುತ್ತುತ್ತಲೇ ಇರುತ್ತದೆ. ಇಳಿಯಬೇಕಾದವರು ಇಳಿಯಬಹುದು, ಆ ನಿಧಾನಕ್ಕೆ ಮುದುಕರೂ ಇಳಿದಾರು. ಆದರೆ ಒಬ್ಬರ ಪಾದ ನೆಲ ಮುಟ್ಟಿತೋ, ಮಲಗಿದವರಿಗೆ ತಟ್ಟನೆ ಎಚ್ಚರವಾಗುತ್ತದೆ. ಮಕ್ಕಳು ಇನ್ನೊಂದು ಸುತ್ತಿನ ಆಸೆಗೆ ಕಣ್ಣು ಮುಚ್ಚಿ ನಾಟಕ ಮಾಡಿದರೆ ಬಸ್ಸು ಮೋಸ ಹೋಗುವುದಿಲ್ಲ, ಮುಂದಿನ ಸ್ಟಾಪಿನಲ್ಲಿ ಗಕ್ಕನೆ ನಿಲ್ಲುತ್ತದೆ. ನಿಜವಾಗಿ ಮಲಗಿದವರಿಗೆ ಒಂದು ಸುತ್ತು ಬಿಟ್ಟುಕೊಡುವುದು ಪೇಟೆಯ ರೂಢಿ. ಆ ಒಂದು ಸುತ್ತು ಯಾರೂ ಇಳಿಯುವುದಿಲ್ಲ, ಹೋಟೆಲಿನವರು ಸದ್ದಾಗದ ಹಾಗೆ ಪಾತ್ರೆಗಳನ್ನು ಬಟ್ಟೆಯ ಮೇಲೆ ಇಡುತ್ತಾರೆ. ಆಮೇಲೆ ಕೆಲಸವಿದ್ದವರು ಇಳಿಯುತ್ತಾರೆ. ಇಳಿದು ಎಬ್ಬಿಸಿದವರನ್ನು ಆ ದಿನವೆಲ್ಲ ನಿದ್ದೆಗಳ್ಳ ಎಂದು ರೇಗಿಸುತ್ತಾರೆ, ಅವರೂ ನಗುತ್ತಾ ಹೇಳಿಸಿಕೊಳ್ಳುತ್ತಾರೆ.

ನನಗೂ ಒಂದು ಸುತ್ತು ಸಿಕ್ಕಿತು. ಅದು ಮುಗಿದಾಗ ಕಂಡಕ್ಟರ್ ಬಸಲಿಂಗಣ್ಣ ಎದ್ದು ನಿಂತು, ಯಾರಿಗೆ ಇಳಿಯುವ ಅವಸರವಿದೆ ಎಂದು ಮೆಲ್ಲಗೆ ಕೇಳಿದ. ಮದುವೆ ಮಾತುಕತೆಗೆ ಹೊರಟಿದ್ದ, ಹುಡುಗನ ಸೋದರಮಾವನೊಬ್ಬರು ತೊಡೆಯ ಮೇಲೆ ತೆಂಗಿನಕಾಯಿ ವೀಳ್ಯದ ತಟ್ಟೆ ಇಟ್ಟುಕೊಂಡು ಕುಳಿತಿದ್ದರು, ಕಷಾಯದ ಹೋಟೆಲಿನ ಪಕ್ಕದ ಮನೆಯಲ್ಲಿ ಹೆಣ್ಣಿನವರು ಕಾಯುತ್ತಿದ್ದರು. ತಮಗೆ ಅವಸರವಿದೆ ಎಂದರು. ಇನ್ನೂ ನಾಲ್ಕೈದು ಜನ ಚೀಲ ಎತ್ತಿಕೊಂಡರು. ಎದುರು ಸೀಟಿನಲ್ಲಿ ದಾಕ್ಷಾಯಣಿ ಅಂತ ಒಬ್ಬ ಹೆಂಗಸು, ನನ್ನದೇ ವಯಸ್ಸಿನವಳು, ಆಗಲೇ ಸೆರಗು ಸಿಕ್ಕಿಸಿಕೊಂಡು ಬಾಗಿಲಿನ ಕಡೆ ಎರಡು ಹೆಜ್ಜೆ ಹೋಗಿದ್ದಳು. ತುಂಗಮ್ಮನ ಹೋಟೆಲು ಮುಂದಿನದೇ.

ಆಗ ನೀಲು ಎದ್ದು ನಿಂತಳಂತೆ. ನಮ್ಮಮ್ಮನೂ ದೋಸೆ ಹೋಟೆಲಿನ ಹತ್ತಿರ ಇಳಿಯಬೇಕು, ಹೆಂಚು ಆರುವುದರೊಳಗೆ ಹೋದರೆ ಕೆಲಸ ಸಿಗುತ್ತದೆ, ಸಿಕ್ಕರೆ ನಾವು ಮೇಲಿನ ರೂಮಿನಲ್ಲಿ ಇರುತ್ತೇವೆ ಎಂದು ಒಂದೇ ಉಸಿರಿಗೆ ಹೇಳಿದಳು. ಹಾಗಾದರೆ ಎಬ್ಬಿಸಿಬಿಡು ಮಗಳೇ ಎಂದ ಬಸಲಿಂಗಣ್ಣ. ನೀಲು ನನ್ನ ಭುಜದ ಹತ್ತಿರ ಕೈ ತಂದಳು. ತಂದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡಳು.

"ನಮ್ಮಮ್ಮ ಮಲಗಿರೋದನ್ನ ನಾನು ಯಾವತ್ತೂ ನೋಡೇ ಇಲ್ಲ," ಎಂದಳು. "ಇನ್ನೊಂಚೂರು ನೋಡ್ಲಾ?"

ಬಾಗಿಲ ಹತ್ತಿರ ಹೋಗಿದ್ದ ದಾಕ್ಷಾಯಣಿ ಅಲ್ಲೇ ಕಂಬಿ ಹಿಡಿದು ನಿಂತಳು. ತುಂಗಮ್ಮನ ಹೋಟೆಲಿನ ಹೆಂಚು ಕಿಟಕಿಯಲ್ಲಿ ಕಾಣಿಸಿತು. ಕೊನೆಯ ದೋಸೆ ತೆಗೆದು, ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆಯುತ್ತಿದ್ದರು. ಇಳಿದರೆ ಕೆಲಸ ದಾಕ್ಷಾಯಣಿಯದೇ, ಒಂದು ಹೆಜ್ಜೆಯ ಮಾತು. ಆಗ ಹುಡುಗನ ಸೋದರಮಾವ ತಟ್ಟೆಯನ್ನು ಪಕ್ಕಕ್ಕಿಟ್ಟು ಕಿಟಕಿಯಿಂದ ತಲೆ ಹೊರಹಾಕಿ ಪಿಸುದನಿಯಲ್ಲಿ, ಅಮ್ಮಾ, ಎರಡು ದೋಸೆ ಎಂದರು. ಬೆಳಗ್ಗೆಯಷ್ಟೇ ಹೊಟ್ಟೆ ಬಿರಿಯುವಷ್ಟು ತಿಂದು ಬಂದಿದ್ದ ಮನುಷ್ಯ. ತುಂಗಮ್ಮ ಗೊಣಗುತ್ತಾ ಕಟ್ಟಿಗೆ ಮತ್ತೆ ಒಳಕ್ಕೆ ತಳ್ಳಿದರು. ದಾಕ್ಷಾಯಣಿ ಬಂದು ತನ್ನ ಸೀಟಿನಲ್ಲಿ ಕುಳಿತಳು.

ಹಾಗೆ ಶುರುವಾಯಿತು. ಹೆಂಚು ಆರಿದರೆ ನನ್ನ ಕೆಲಸ ಹೋಗುತ್ತದೆ, ಯಾರಾದರೂ ಇಳಿದರೆ ನನ್ನ ನಿದ್ದೆ ಹೋಗುತ್ತದೆ. ಎರಡೂ ಹೋಗದಿರಬೇಕಾದರೆ ಬಸ್ಸಿನವರು ದೋಸೆ ತಿನ್ನುತ್ತಲೇ ಇರಬೇಕು. ಒಂದು ಸುತ್ತಿಗೆ ಮುಂದಿನ ಸೀಟಿನವರು ಹೇಳಿದರು, ಇನ್ನೊಂದು ಸುತ್ತಿಗೆ ಮಧ್ಯದವರು ಹೇಳಿದರು. ಬಸಲಿಂಗಣ್ಣ ಪ್ರತಿಸಲ ಬಾಗಿಲಿನಿಂದ ಬಾಗಿ ಹೆಂಚಿನ ಮೇಲೆ ಅಂಗೈ ಚಾಚಿ ಕಾವು ನೋಡಿ ಒಳಗಿನವರಿಗೆ ತಲೆಯಾಡಿಸುತ್ತಿದ್ದ. ತಿನ್ನಲಾರದವರು ಮಡಚಿ ಪಕ್ಕದವರಿಗೆ ದಾಟಿಸಿದರು. ಪಕ್ಕದವರು ಬೆಣ್ಣೆ ಬನ್ನಿನ ಹೋಟೆಲಿನವರಿಗೆ ದಾಟಿಸಿದರು. ಬನ್ನಿನ ಹೋಟೆಲಿನಲ್ಲಿ ಕುಳಿತವರು ಅವತ್ತು ಬನ್ನು ಬಿಟ್ಟು ದೋಸೆ ತಿಂದರು. ಕಷಾಯದವನು ಮಾತ್ರ ಖುಷಿಯಾಗಿದ್ದ, ಅಷ್ಟು ದೋಸೆ ತಿಂದವರಿಗೆ ಶುಂಠಿ ಬೇಕೇ ಬೇಕಾಗಿತ್ತು.

ಹೆಣ್ಣಿನ ಮನೆಯವರು ಪ್ರತಿ ಸುತ್ತಿಗೂ ಆರತಿ ತಟ್ಟೆ ಹಿಡಿದು ಹೊಸ್ತಿಲಿಗೆ ಬರುತ್ತಿದ್ದರು, ಸೋದರಮಾವ ಕಿಟಕಿಯಿಂದಲೇ ಕೈ ಮುಗಿದು ಮುಂದೆ ಹೋಗುತ್ತಿದ್ದರು. ಕೊನೆಗೆ ಹುಡುಗಿಯ ಅಜ್ಜಿ, ಇದೇನು ದೇವರ ಉತ್ಸವವೇ, ಬಂದ ಹಾಗೆಲ್ಲ ಆರತಿ ಎತ್ತೋಕೆ ಎಂದು ತಾನೇ ಬಸ್ಸಿನ ಪಕ್ಕ ನಡೆಯುತ್ತಾ ಬಂದು ಮಾತುಕತೆ ಶುರುಮಾಡಿದರು. ಹುಡುಗನಿಗೆ ಸಿಟ್ಟು ಹೆಚ್ಚೇ ಎಂದು ಅಜ್ಜಿ ಕೇಳಿದ್ದಕ್ಕೆ ಸೋದರಮಾವ ಬಾಯಲ್ಲಿ ದೋಸೆ ಇಟ್ಟುಕೊಂಡೇ ಇಲ್ಲವೆಂದು ತಲೆಯಾಡಿಸಿದರು. ಬಸ್ಸು ನಿಪ್ಪಟ್ಟಿನ ಹೋಟೆಲು ದಾಟುವ ಹೊತ್ತಿಗೆ ಕಿಟಕಿಯ ಮೂಲಕವೇ ವೀಳ್ಯ ಬದಲಾಯಿತು. ಆ ಹುಡುಗ ಹುಡುಗಿಗೆ ಈಗ ಇಬ್ಬರು ಮಕ್ಕಳು. ಜಗಳವಾದಾಗಲೆಲ್ಲ ಆ ದೋಸೆಯ ಮಾತು ಬರುತ್ತದೆಯಂತೆ.

ನೀಲು ಅಷ್ಟೊತ್ತಿಗೆ ದಾಕ್ಷಾಯಣಿಯ ಪಕ್ಕ ಹೋಗಿ ಕುಳಿತಿದ್ದಳು. ಅವಳ ಚೀಲದಿಂದ ಮಗುಚುವ ಕೈಯ ತುದಿ ಇಣುಕುತ್ತಿತ್ತು. ನೀಲು ಅದನ್ನು ನೋಡಿ, ನಮ್ಮಮ್ಮನ ಹತ್ತಿರವೂ ಇಂಥದ್ದೇ ಇದೆ, ಆದರೆ ನಮ್ಮದು ಇದಕ್ಕಿಂತ ಸವೆದಿದೆ ಎಂದು ಹೆಮ್ಮೆಯಿಂದ ಹೇಳಿದಳು. ಮಗುವಿಗೆ ಅದಕ್ಕಿಂತ ಹೆಚ್ಚು ಹೊಳೆಯಲಿಲ್ಲ. ದಾಕ್ಷಾಯಣಿ ಮಗುಚುವ ಕೈಯನ್ನು ಚೀಲದ ಒಳಕ್ಕೆ ತಳ್ಳಿ, ನೀಲುವಿನ ಬಿಚ್ಚಿಹೋದ ಜಡೆಯನ್ನು ತೊಡೆಯ ಮೇಲೆ ಹಾಕಿಕೊಂಡು ಮತ್ತೆ ಹೆಣೆಯತೊಡಗಿದಳು. ನಿಮ್ಮಮ್ಮ ಗೊರಕೆ ಹೊಡೀತಾಳಲ್ಲೇ ಎಂದಳಂತೆ. ಇಲ್ಲ ಎಂದು ನೀಲು ಜಗಳಕ್ಕೆ ನಿಂತಳು. ಇಬ್ಬರೂ ಕಿವಿಗೊಟ್ಟು ಕೇಳಿದರು. ಹೊಡೆಯುತ್ತಿದ್ದೆನಂತೆ.

ತುಂಗಮ್ಮನಿಗೆ ಅನುಮಾನ ಬರದೆ ಇರುತ್ತದೆಯೇ. ಬಸ್ಸಿಗೆ ಇವತ್ತು ಎಂಥ ಹಸಿವೆ ಬಡಿದಿದೆ ಎಂದು ಗದರಿಸುತ್ತಾ ಸಟ್ಟುಗ ಹಿಡಿದೇ ಹೊರಗೆ ಬಂದು ಬಸ್ಸಿನ ಪಕ್ಕ ನಡೆದರು. ಬಸಲಿಂಗಣ್ಣ ತುಟಿಯ ಮೇಲೆ ಬೆರಳಿಟ್ಟು, ನಿಮ್ಮ ಕೆಲಸಕ್ಕೇ ಬಂದವಳು ಎಂದು ಪಿಸುಗುಟ್ಟಿ ನನ್ನ ಕಿಟಕಿ ತೋರಿಸಿದ. ನಾನು ಬಾಯಿ ತೆರೆದುಕೊಂಡು, ಕಿಟಕಿಯ ಸರಳಿಗೆ ಕೆನ್ನೆ ಒತ್ತಿಕೊಂಡು ಮಲಗಿದ್ದೆ. ಹೊಸ ಕೆಲಸದವಳು ಹೀಗೆ ಕಾಣಬೇಕೆಂದು ಯಾರೂ ಬಯಸುವುದಿಲ್ಲ. ತುಂಗಮ್ಮ ಕಿಟಕಿಯ ಜೊತೆಜೊತೆಗೇ ಕಷಾಯದ ಹೋಟೆಲಿನವರೆಗೂ ನಡೆದರು. ನೋಡುತ್ತಲೇ ನಡೆದರು. ನನ್ನ ಕೈ ಕಿಟಕಿಯಿಂದ ಹೊರಗೆ ಜೋತುಬಿದ್ದಿತ್ತು. ಅದನ್ನು ಎತ್ತಿ, ಹಾಸ್ಟೆಲಿನ ಒಲೆಯ ಸುಟ್ಟ ಗುರುತುಗಳನ್ನೂ ಸೂಜಿ ಚುಚ್ಚಿದ ಬೆರಳುಗಳನ್ನೂ ನೋಡಿ, ಒಳಕ್ಕೆ ನನ್ನ ಮಡಿಲಲ್ಲಿ ಇಟ್ಟರು. ಹೋಟೆಲಿಗೆ ಹಿಂತಿರುಗಿದರು.

ಅದರ ಮುಂದಿನ ಸುತ್ತಿಗೆ ಹಿಟ್ಟು ಮುಗಿದಿತ್ತು. ಪಾತ್ರೆಯ ತಳ ಕೆರೆದದ್ದು ಬಸ್ಸಿನವರಿಗೂ ಕೇಳಿಸಿತು. ಹೋಟೆಲಿನಲ್ಲಿ ಇನ್ನೊಂದು ಪಾತ್ರೆ ಇತ್ತು, ಆದರೆ ಅದು ನಾಳೆಯ ಹಿಟ್ಟು. ರುಬ್ಬಿ ಸ್ವಲ್ಪ ಹೊತ್ತಾಗಿತ್ತಷ್ಟೇ, ಇನ್ನೂ ಹುಳಿ ಬಂದಿರಲಿಲ್ಲ. ತುಂಗಮ್ಮ ನಾಳೆಯ ಹಿಟ್ಟನ್ನು ಇವತ್ತು ಮುಟ್ಟಿದ್ದನ್ನು ಪೇಟೆಯಲ್ಲಿ ಯಾರೂ ಕಂಡಿಲ್ಲ, ದೊಡ್ಡ ಅಧಿಕಾರಿಗಳು ಬಂದು ಕುಳಿತರೂ ನಾಳೆ ಬನ್ನಿ ಎಂದು ಕಳಿಸಿದ ಹೆಂಗಸು. ಬಸ್ಸಿನ ಮೂತಿ ಹೋಟೆಲನ್ನು ಮುಟ್ಟಿತು. ಯಾರೂ ದೋಸೆ ಹೇಳಲಿಲ್ಲ. ಹೇಳುವುದು ಹೇಗೆ?

ತುಂಗಮ್ಮ ಒಂದು ಸಲ ನನ್ನ ಕಿಟಕಿಯ ಕಡೆ ನೋಡಿದರು. ಆಮೇಲೆ ನಾಳೆಯ ಪಾತ್ರೆಯ ಮುಚ್ಚಳ ತೆಗೆದರು.

ನಾಳೆಗೇನು ಮಾಡ್ತೀರಮ್ಮಾ ಎಂದು ಬಸಲಿಂಗಣ್ಣ ಕೇಳಿದ್ದಕ್ಕೆ ಅವರು ಹೇಳಿದ ಮಾತನ್ನು ನೀಲು ಎಷ್ಟೋ ವರ್ಷ ಅವರ ಧ್ವನಿಯಲ್ಲೇ ಅನುಕರಿಸಿ ತೋರಿಸುತ್ತಿದ್ದಳು.

"ಏಳ್ತಾಳಲ್ಲ, ಎದ್ದ ಮೇಲೆ ಅವಳೇ ರುಬ್ಬಲಿ. ಇಷ್ಟು ದಣಿದೋಳು ಕೆಲಸಗಳ್ಳಿ ಆಗಿರೋಕೆ ಸಾಧ್ಯ ಇಲ್ಲ."

ಹುಳಿ ಬಾರದ ಹಿಟ್ಟಿನ ದೋಸೆ ಹೆಂಚು ಬಿಟ್ಟು ಏಳಲಿಲ್ಲ, ಎದ್ದದ್ದೂ ಚಕ್ಕಳದ ಹಾಗಿತ್ತು. ಬಸ್ಸಿನವರು ಅದನ್ನೂ ತಿಂದರು. ಚೆನ್ನಾಗಿದೆ ಎಂದು ಸೋದರಮಾವ ಹೇಳಿದ್ದಕ್ಕೆ ತುಂಗಮ್ಮ, ಸುಳ್ಳು ಹೇಳಬೇಡಿ, ಮದುವೆ ಮಾತಾಡೋ ಬಾಯಿ ಅದು ಎಂದರು.

ಆ ಸುತ್ತು ಮುಗಿದು ಮತ್ತೆ ಹೋಟೆಲು ಬಂದಾಗ ದಾಕ್ಷಾಯಣಿ ಎದ್ದಳು. ನೀಲುವಿನ ಜಡೆಗೆ ರಿಬ್ಬನ್ ಬಿಗಿದು, ನನ್ನ ಹತ್ತಿರ ಬಂದು, ಜಾರಿದ್ದ ನನ್ನ ಸೆರಗನ್ನು ಭುಜಕ್ಕೆ ಏರಿಸಿ, ಬಾಗಿಲಿಗೆ ಹೋದಳು. ಯಾರೋ ಹಿಂದಿನಿಂದ ನಿದ್ದೆಗಳ್ಳಿ ಎಂದು ಮೆಲ್ಲಗೆ ಅಂದರು. ಆಗಲಿ, ಯಾರಾದರೂ ಆಗಬೇಕಲ್ಲ, ನಿಮ್ಮ ಹೊಟ್ಟೆಗಳನ್ನೂ ನೋಡಬೇಕಲ್ಲ ಎಂದು ಅವಳು ನೆಲಕ್ಕೆ ಕಾಲಿಟ್ಟಳು.

ನನಗೆ ಎಚ್ಚರವಾಯಿತು. ಎಂಥ ಎಚ್ಚರ ಅಂತೀರಿ, ಚಿಕ್ಕವಳಿದ್ದಾಗ ಹಬ್ಬದ ದಿನ ಬೆಳಗ್ಗೆ ಆಗುತ್ತಿತ್ತಲ್ಲ, ಅಂಥದ್ದು. ಬಸ್ಸಿನಲ್ಲಿ ಒಬ್ಬರೂ ನನ್ನ ಕಡೆ ನೋಡುತ್ತಿರಲಿಲ್ಲ. ಎದ್ದವರ ಮುಖ ನೋಡುವುದಿಲ್ಲ, ಎಷ್ಟು ಸುತ್ತಾಯಿತೆಂದು ಹೇಳುವುದಿಲ್ಲ, ಅದೂ ಅಲ್ಲಿನ ರೂಢಿ. ಎಲ್ಲರೂ ಕಿಟಕಿಯ ಆಚೆ ಏನನ್ನೋ ಬಹಳ ಗಮನವಿಟ್ಟು ನೋಡುತ್ತಿದ್ದರು. ಬ್ರೇಕು ಹಿಡಿಯಿತು. ಬಿಸಿಲು ಎಲ್ಲಿಂದ ಎಲ್ಲಿಗೋ ಹೋಗಿತ್ತು. ಹೆಂಚು ಆರಿಹೋಗಿರುತ್ತದೆ ಎಂದುಕೊಂಡು ಒಂದು ಕೈಯಲ್ಲಿ ಮಗಳನ್ನೂ ಒಂದು ಕೈಯಲ್ಲಿ ಚೀಲವನ್ನೂ ಎಳೆದುಕೊಂಡು ಇಳಿದು ಓಡಿದೆ. ಬಾಗಿಲಲ್ಲಿ ಒಬ್ಬ ಹೆಂಗಸು ತುಂಗಮ್ಮನ ಹತ್ತಿರ ಮಾತಾಡುತ್ತಿದ್ದಳು. ನನಗಿಂತ ಮೊದಲು ಇಳಿದವಳು. ಅವಳ ಚೀಲದಲ್ಲಿದ್ದದ್ದು ಏನೆಂದು ನನಗೆ ಒಂದೇ ನೋಟಕ್ಕೆ ತಿಳಿಯಿತು. ಅಲ್ಲೇ ನಿಂತೆ.

ಕೆಲಸಕ್ಕೆ ಬಂದವಳು ನೀನೇ ಏನೇ ಎಂದು ತುಂಗಮ್ಮ ಅವಳನ್ನು ಕೇಳುತ್ತಿದ್ದರು. ಕೇಳುವಾಗ ಅವರ ಕಣ್ಣೂ ಆ ಚೀಲದ ಮೇಲೇ ಇತ್ತು.

"ನಾನಲ್ಲಮ್ಮ," ಎಂದಳು ಅವಳು. "ನನಗೆ ಒಂದು ಲೋಟ ನೀರು ಕೊಡಿ ಸಾಕು. ಕೆಲಸಕ್ಕೆ ಬಂದೋಳು ಹಿಂದೆ ಬರ್ತಿದ್ದಾಳೆ ನೋಡಿ."

ನೀರು ಕುಡಿದು, ನನ್ನ ಪಕ್ಕದಲ್ಲೇ ಹಾದು, ರಸ್ತೆ ದಾಟಿ ಹೋದಳು. ತುಂಗಮ್ಮ ನನ್ನ ಮಗುಚುವ ಕೈಯನ್ನು ಕೇಳಲೂ ಇಲ್ಲ. ತಡವಾಯಿತು, ಕ್ಷಮಿಸಿ ಎಂದೆ. ಹೆಂಚಿನ ಕಡೆ ಬೆರಳು ತೋರಿಸಿದರು. ಅದರ ಮೇಲೆ ನೀರು ಚಿಮುಕಿಸಿದೆ. ಚುಂಯ್ ಎಂದಿತು. ನೀನು ಬಂದಾಗ ಬಿಸಿಯಿತ್ತೋ ಇಲ್ಲವೋ, ಮತ್ತೇನು ಕ್ಷಮಾಪಣೆ, ಅಕ್ಕಿ ನೆನೆಹಾಕು ಹೋಗು, ನಾಳೆಗೆ ಒಂದು ಸಟ್ಟುಗ ಹಿಟ್ಟಿಲ್ಲ ಎಂದರು. ಹೋಟೆಲಿನಲ್ಲಿ ಹಿಟ್ಟಿಲ್ಲದ ಹಾಗೆ ಹೇಗೆ ವ್ಯಾಪಾರ ಮಾಡುತ್ತಾರೆ ಇವರು ಎಂದು ಮನಸ್ಸಿನಲ್ಲೇ ಬೈದುಕೊಂಡೆ, ಸುಳ್ಳೇಕೆ ಹೇಳಲಿ.

ಆ ಸಂಜೆ ಮೇಲಿನ ರೂಮಿನಲ್ಲಿ ಚಾಪೆ ಬಿಡಿಸುವಾಗ ನೀಲು ಎಲ್ಲವನ್ನೂ ಹೇಳಿದಳು. ಕೇಳುತ್ತಾ ಕೇಳುತ್ತಾ ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ಕೆಳಗೆ ಬಸ್ಸು ಸುತ್ತುತ್ತಿತ್ತು, ಒಳಗಿದ್ದವರು ಬೇರೆ ಯಾರೋ. ಯಾರಿಗೆ ಕೈ ಮುಗಿಯಬೇಕೆಂದು ತಿಳಿಯದೆ ಬಸ್ಸಿಗೇ ಮುಗಿದೆ.

ದಾಕ್ಷಾಯಣಿ ಎದುರು ಸಾಲಿನ ಬೆಲ್ಲದ ಕಾಫಿ ಹೋಟೆಲಿಗೆ ಸೇರಿಕೊಂಡಳು. ಅಲ್ಲಿ ಮೇಲಿನ ರೂಮಿಲ್ಲ, ಮನೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗಬೇಕು. ಮೊದಲನೇ ಸುತ್ತಿಗೇ ಯಾಕೆ ಇಳಿಯಲಿಲ್ಲ ಎಂದು ಅವಳನ್ನು ಎಷ್ಟು ಸಲ ಕೇಳಿದ್ದೇನೋ. ಒಂದು ಸಲ, ನಿನ್ನ ಗೊರಕೆ ಮುಗಿಯುವುದನ್ನು ಕಾಯುತ್ತಿದ್ದೆ ಎನ್ನುತ್ತಾಳೆ. ಇನ್ನೊಂದು ಸಲ, ಸುತ್ತುಸುತ್ತಿಗೂ ಆ ತುಂಗಮ್ಮನ ಬಾಯಿ ಕೇಳಿ ಹೆದರಿಹೋದೆ ಕಣೆ, ನೀನೇ ಅನುಭವಿಸು ಅಂತ ಬಿಟ್ಟೆ ಎನ್ನುತ್ತಾಳೆ. ನಿಜ ಹೇಳು ಎಂದರೆ ನನ್ನ ಕೈಯಲ್ಲಿರುವ ದೋಸೆ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾಳೆ.

ವರ್ಷಗಳು ಕಳೆದವು. ತುಂಗಮ್ಮ ಈಗ ಗಲ್ಲಾದ ಮೇಲೆ ಕುಳಿತು ತೂಕಡಿಸುತ್ತಾರೆ, ನಡುನಡುವೆ ಎದ್ದು ನನ್ನನ್ನು ಗದರಿಸುತ್ತಾರೆ. ನನ್ನ ಗಂಡ ತಿರುಗಾಟ ಬಿಟ್ಟು ಇಲ್ಲೇ ಚಟ್ನಿಗೆ ನಿಂತಿದ್ದಾರೆ. ನೀಲು ಕಾಲೇಜಿಗೆ ಹೋಗುತ್ತಾಳೆ. ಮಲಗಿದವರಿರುವ ಬಸ್ಸು ಬಂದಾಗ ನಾವು ಹೆಂಚಿಗೆ ನೀರು ಚಿಮುಕಿಸುವುದಿಲ್ಲ, ಈರುಳ್ಳಿ ಹೋಳಿನಿಂದ ಸದ್ದಿಲ್ಲದೆ ಒರೆಸುತ್ತೇವೆ. ಹಾಗೆ ಒರೆಸುವಾಗೆಲ್ಲ ಅವತ್ತು ನನಗಾಗಿ ಎಷ್ಟು ಹೋಟೆಲುಗಳು ಉಸಿರು ಬಿಗಿಹಿಡಿದಿದ್ದವೋ ಎನಿಸುತ್ತದೆ.

ಮೊನ್ನೆ ಮಧ್ಯಾಹ್ನ ತಿಂಡಿ ಮುಗಿದಿತ್ತು. ಕಟ್ಟಿಗೆ ಹಿಂದಕ್ಕೆಳೆದು ಪಾತ್ರೆ ತೊಳೆಯಲು ಹಾಕಿದ್ದೆ. ಬಸ್ಸು ಬಂತು, ನಿಲ್ಲದೆ ಮುಂದಕ್ಕೆ ಸರಿಯುತ್ತಿತ್ತು. ಕಿಟಕಿಯ ಪಕ್ಕದ ಸೀಟಿನಲ್ಲಿ ಬಾಯಿ ತೆರೆದುಕೊಂಡು ದಾಕ್ಷಾಯಣಿ ಮಲಗಿದ್ದಳು. ಸೊಸೆಯ ಬಾಣಂತನ ಅವಳ ತಲೆಗೇ ಬಿದ್ದು ವಾರದಿಂದ ಕಣ್ಣೆಲ್ಲ ಗುಳಿ ಬಿದ್ದಿತ್ತು. ಅವಳ ತಲೆ ಒರಗಿದ್ದದ್ದು ನನ್ನ ನೀಲುವಿನ ಹೆಗಲ ಮೇಲೆ, ಕಾಲೇಜಿನಿಂದ ಬಂದು ನಮ್ಮ ಬಾಗಿಲಲ್ಲೇ ಇಳಿಯಬೇಕಾಗಿದ್ದ ನೀಲುವಿನ ಹೆಗಲ ಮೇಲೆ. ನೀಲು ಇಳಿಯಲಿಲ್ಲ. ಹೆಗಲು ಅಲುಗಿಸದೆ, ಬರೀ ಕಣ್ಣಿನಲ್ಲೇ ನನ್ನ ಹೆಂಚಿನ ಕಡೆ ತೋರಿಸಿದಳು. ಹಿಂದಿನ ಸೀಟಿನಲ್ಲಿ ಪೇಟೆ ನೋಡಲು ಬಂದ ಹೊಸಬರು ಏನಾಗುತ್ತಿದೆ ಎಂದು ತಿಳಿಯದೆ ಕುಳಿತಿದ್ದರು. ಅವರಿಗೆ ಹಸಿವಾಗಿರಬಹುದು, ಹಸಿದರೆ ಇಳಿದುಬಿಟ್ಟಾರು.

ಗಲ್ಲಾದಿಂದ ತುಂಗಮ್ಮ ಒಂದು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದರು. ನಾನು ಕಟ್ಟಿಗೆ ಒಳಕ್ಕೆ ತಳ್ಳಿ, ನಾಳೆಯ ಹಿಟ್ಟಿನ ಮುಚ್ಚಳ ತೆಗೆದೆ.